ಬಿರು, ಪಗರಿ ಮತ್ತು ಲೈಸೆನ್ಸು

ಆಲಂಕಾರಿನ ಹತ್ತಿರದ ಒಂದು ಶಾಲೆಯ ಮಕ್ಕಳಿಗೆ ಏಕಲವ್ಯನ ನಾಟಕ ಕಲಿಸಬೇಕೆಂದು ನಾವು ನಾಲ್ಕೈದು ಮಂದಿ ಗೆಳೆಯರು ಹೊರಟಿದ್ದೆವು. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮುಗಿಸಿದವರು ನಾವೇ. ಹಾಗಾಗಿ ದ್ರೋಣ ಹೇಳಬೇಕಾದ ಮಾತು, ಏಕಲವ್ಯ ಕೇಳಬೇಕಾದ ಪ್ರಶ್ನೆ, ಎಲ್ಲ ನಮಗೆ ಬಾಯಿಪಾಠ. ಬಿಲ್ಲುಬಾಣ ಮಾಡುವುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಬಿದಿರು ಸೀಳಿ ಒಂದು ಬಿಲ್ಲು ಬಗ್ಗಿಸಿದೆವು. ಅಡಕೆ ಮರದ ಸಲಾಕೆಯನ್ನು ಕತ್ತಿಯಲ್ಲಿ ಕೆತ್ತಿ, ಉರುಟು ಮಾಡಿ ಐದು ಬಾಣ ತಯಾರು ಮಾಡಿದೆವು. ಗಟ್ಟಿಮುಟ್ಟಾಗಿ, ಸೂಜಿಯ ಹಾಗೆ ನೆಟ್ಟಗೆ ಇದ್ದವು. ಅಂಗಳದಲ್ಲಿ ಬಿಟ್ಟು ನೋಡಿದರೆ ಐದಕ್ಕೆ ಐದೂ ಬಿಲ್ಲಿಗೆ ತಾಗಿ ಸದ್ದು ಮಾಡಿಕೊಂಡು ಎಡಕ್ಕೆ ಹೋಗಿ ತೆಂಗಿನ ಬುಡದಲ್ಲಿ ಬಿದ್ದವು.

ಜಗಲಿಯಲ್ಲಿ ಎಲೆ ಅಡಕೆ ಹಾಕುತ್ತಾ ಕೂತಿದ್ದ ನಮ್ಮ ಕೇರಿಯ ಅಜ್ಜರೊಬ್ಬರು ಎದ್ದು ಬಂದು ಒಂದು ಬಾಣ ಹೆಕ್ಕಿದರು. ಮೊನೆಯನ್ನು ನೆಲಕ್ಕೆ ಊರಿ, ಹಿಂದಿನ ತುದಿಯನ್ನು ಅಂಗೈಯಿಂದ ಒತ್ತಿದರು. "ಉಂದು ಬಗ್ಗುಜಿ, ಸರ್ತ ಪೋಪುಜಿ" ಅಂದರು. ಇದು ಬಗ್ಗುವುದಿಲ್ಲ, ಹಾಗಾಗಿ ನೇರ ಹೋಗುವುದಿಲ್ಲ.

ನಾವು ನಕ್ಕೆವು. ನೇರ ಹೋಗಬೇಕಾದ್ದು ಬಗ್ಗಬೇಕು ಅಂದರೆ ನಗು ಬಾರದೆ ಇರುತ್ತದಾ? ಆಮೇಲೆ ಇದರ ಬೆನ್ನು ಹತ್ತಿ ಓದಿದೆವು, ಕೇಳಿದೆವು, ಅಳೆದೆವು. ನಗು ನಿಂತುಹೋಯಿತು.

ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿ, ಅರ್ಥವಾಗುತ್ತದೆ. ಹಗ್ಗ ಇರುವುದು ಬಿಲ್ಲಿನ ನಟ್ಟನಡುವಿನ ನೇರಕ್ಕೆ. ಬಾಣ ಕೂರುವುದು ಹಿಡಿಯ ಪಕ್ಕಕ್ಕೆ. ಅಂದರೆ ಹಗ್ಗ ಎಳೆದು ಗುರಿ ಹಿಡಿದಾಗಲೇ ಬಾಣದ ಮೊನೆ ಸ್ವಲ್ಪ ಓರೆಗೆ ತಿರುಗಿರುತ್ತದೆ. ಹಗ್ಗ ಬಿಟ್ಟ ಕೂಡಲೇ ಹಿಂದಿನಿಂದ ಬೀಳುವ ಹೊಡೆತಕ್ಕೆ ಬಾಣ ನಡುವಿನಲ್ಲಿ ಬಳುಕುತ್ತದೆ. ಒಮ್ಮೆ ಆಚೆ, ಒಮ್ಮೆ ಈಚೆ ಬಳುಕಿ, ಹಾವು ಕಲ್ಲನ್ನು ಬಳಸಿ ಹೋದ ಹಾಗೆ ಹಿಡಿಯನ್ನು ಬಳಸಿಕೊಂಡು, ಬಾಲ ತಾಗಿಸದೆ ದಾಟಿ ಹೋಗುತ್ತದೆ. ಮುಂದೆ ಹೋದಂತೆ ಬಳುಕು ಕಡಿಮೆಯಾಗಿ ಗುರಿಯ ದಾರಿ ಹಿಡಿಯುತ್ತದೆ. ಬಾಣ ಬಿಲ್ಲಿಗಿಂತ ಬಿರುಸಾದರೆ ಬಳುಕಲಿಕ್ಕೆ ಆಗದೆ ಹಿಡಿಗೆ ಬಡಿದು ಎಡಕ್ಕೆ ಹೋಗುತ್ತದೆ. ತೀರಾ ಮೆದುವಾದರೆ ಅತಿಯಾಗಿ ಬಳುಕಿ ಬಲಕ್ಕೆ ಹೋಗುತ್ತದೆ. ಇದು ಬಲಗೈಯವರು ಮೂರು ಬೆರಳಿನಲ್ಲಿ ಎಳೆದು, ಬಾಣವನ್ನು ಬಿಲ್ಲಿನ ಎಡಕ್ಕೆ ಇಟ್ಟಾಗಿನ ಲೆಕ್ಕ. ಹೆಬ್ಬೆರಳಿನಲ್ಲಿ ಎಳೆಯುವವರು ಬಾಣವನ್ನು ಬಲಕ್ಕೆ ಇಡುತ್ತಾರೆ, ಆಗ ಲೆಕ್ಕ ತಿರುಗಿ ಬೀಳುತ್ತದೆ.

1930ರ ದಶಕದಲ್ಲಿ ಅಮೆರಿಕದ ಸಿ. ಎನ್. ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಕ್ಯಾಮರಾ ಇಟ್ಟು ಈ ಬಳುಕನ್ನು ಚಿತ್ರದಲ್ಲಿ ಹಿಡಿದ. ರಾಬರ್ಟ್ ಎಲ್ಮರ್ ಎಂಬ ಅಲ್ಲಿನ ವೈದ್ಯ ಇದಕ್ಕೆ ಬಿಲ್ಲುಗಾರನ ವಿರೋಧಾಭಾಸ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದ. ಕ್ಯಾಮರಾ ಹಿಡಿದವನನ್ನು ನಾವು ಹಳಿಯುವುದಿಲ್ಲ, ಅದು ದೊಡ್ಡ ಕೆಲಸವೇ. ಆದರೆ ನಮ್ಮ ಅಜ್ಜರಿಗೆ ಅದರಲ್ಲಿ ವಿರೋಧವೂ ಕಾಣಲಿಲ್ಲ, ಆಭಾಸವೂ ಕಾಣಲಿಲ್ಲ. ಅಂಗೈ ಒತ್ತಿದರೆ ಗೊತ್ತಾಗುವ ವಿಷಯ ಅದು.

ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಓದುತ್ತೀರಿ ಅಂತ ಗೊತ್ತು, ಅದಕ್ಕೆ ಅಳೆಯುವ ಕ್ರಮವನ್ನು ಬಿಡಿಸಿ ಹೇಳುತ್ತೇವೆ. ದುಡ್ಡು ಬೇಡ, ಲ್ಯಾಬ್ ಬೇಡ. ಎರಡು ಮೇಜುಗಳ ನಡುವೆ 66 ಸೆಂಟಿಮೀಟರ್ ಸಂದು ಬಿಡಿ, ಅಂದರೆ 26 ಇಂಚು. ಬಾಣವನ್ನು ಅಡ್ಡ ಇಟ್ಟು ಸರಿ ಮಧ್ಯಕ್ಕೆ ಎರಡು ಪೌಂಡು ಭಾರ ತೂಗುಹಾಕಿ. ಬಾಟಲಿಯ ತೂಕವೂ ಸೇರಿ 900 ಗ್ರಾಂಗಿಂತ ಒಂಚೂರು ಹೆಚ್ಚಾಗುವಷ್ಟು ನೀರು ತುಂಬಿದರೆ ಸಾಕು. ಬಾಣ ಎಷ್ಟು ಮಿಲಿಮೀಟರ್ ಜಗ್ಗಿತು ನೋಡಿ. 660ನ್ನು ಆ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವೇ ಆ ಬಾಣ ಎಷ್ಟು ಪೌಂಡಿನ ಬಿಲ್ಲಿಗೆ ಹೊಂದೀತು ಎಂಬುದರ ಲೆಕ್ಕ. 22 ಮಿಲಿಮೀಟರ್ ಜಗ್ಗಿದರೆ 30 ಪೌಂಡು, 16.5 ಜಗ್ಗಿದರೆ 40, 13.2 ಜಗ್ಗಿದರೆ 50. ಬಿಲ್ಲನ್ನು ಅಳೆಯುವುದಕ್ಕೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹಗ್ಗಕ್ಕೆ ಸಿಕ್ಕಿಸಿ, ನೀವು ಎಳೆಯುವಷ್ಟು ದೂರ ಎಳೆದರೆ ಆಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಬಾಣ ಉದ್ದವಾದಷ್ಟು ಮೆದುವಾಗುತ್ತದೆ, ಅದೂ ಸಣ್ಣ ಲೆಕ್ಕದಲ್ಲಿ ಅಲ್ಲ. 27 ಇಂಚಿನದು 30 ಇಂಚಾದರೆ ಬಗ್ಗುವಿಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ. ದಪ್ಪದ ಲೆಕ್ಕ ಇನ್ನೂ ಬೆರಗಿನದು: ಹತ್ತರಲ್ಲಿ ಒಂದು ಪಾಲು ದಪ್ಪ ಹೆಚ್ಚಿದರೆ ಬಿರುಸು ಹತ್ತಿರ ಹತ್ತಿರ ಒಂದೂವರೆ ಪಟ್ಟು. ನಾಲ್ಕು ಸಲ ಕತ್ತಿಯ ಬಾಯಿ ಆಡಿಸಿದರೆ ಬಾಣದ ಗುಣವೇ ಬೇರೆ. ಮೊನೆಗೆ ಭಾರದ ಕಬ್ಬಿಣ ಹಾಕಿದರೆ ಬಾಣ ಹೆಚ್ಚು ಬಳುಕುತ್ತದೆ, ಹಗುರ ಮಾಡಿದರೆ ಕಡಿಮೆ. ಹಿಡಿ ದಪ್ಪವಾಗಿದ್ದ ಹಳೆಯ ಮಾದರಿಯ ಬಿಲ್ಲಿಗೆ ಬಾಣ ಹೆಚ್ಚು ಸುತ್ತಿಕೊಂಡು ಹೋಗಬೇಕಾದ್ದರಿಂದ ಲೆಕ್ಕಕ್ಕಿಂತ ಒಂದಿಷ್ಟು ಮೆದುವಾದದ್ದೇ ಒಳ್ಳೆಯದು. ಮರದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ನಾರಿನ ಓಟ. ನಾರು ತುದಿಯಿಂದ ತುದಿಗೆ ನೇರ ಓಡಿರಬೇಕು. ಮಧ್ಯದಲ್ಲಿ ಓರೆಯಾಗಿ ಹೊರಗೆ ಬಂದಿದ್ದರೆ ಆ ಬಾಣ ಬಿಡುವಾಗಲೇ ಮುರಿದು ಹಿಡಿದವನ ಕೈಗೆ ಹೊಕ್ಕೀತು. ಬಿದಿರು, ಓಟೆಗಳಲ್ಲಿ ಗಟ್ಟಿ ನಾರು ಇರುವುದು ಹೊರಸಿಪ್ಪೆಯ ಕಡೆ, ಒಳಗೆ ಟೊಳ್ಳು. ಅದಕ್ಕೇ ಅದು ಹಗುರವೂ ಹೌದು, ಬಿರುಸೂ ಹೌದು. ಅಂದಕ್ಕೆಂದು ಸಿಪ್ಪೆ ಕೆರೆದವನು ಬಾಣದ ಬೆನ್ನೆಲುಬನ್ನೇ ಕೆರೆದ ಹಾಗೆ.

ಇಷ್ಟೆಲ್ಲ ತಿಳಿವಳಿಕೆ ಯಾರ ಕೈಯಲ್ಲಿತ್ತು? ಇತಿಹಾಸದ ಪ್ರಶ್ನೆ ಇರುವುದು ಇಲ್ಲಿ.

ಸಂಸ್ಕೃತದ ಧನುರ್ವೇದ ಗ್ರಂಥಗಳಲ್ಲಿ ಬಾಣದ ಮಾತು ಉಂಟು. ಮುಂದುಗಡೆ ದಪ್ಪವಾದದ್ದು ಹೆಣ್ಣು ಬಾಣ, ಹಿಂದುಗಡೆ ದಪ್ಪವಾದದ್ದು ಗಂಡು ಬಾಣ, ಸಮ ಇದ್ದದ್ದು ನಪುಂಸಕ ಎಂದು ವಿಂಗಡಿಸಿ ಸಮ ಇದ್ದದ್ದನ್ನು ಗುರಿ ಅಭ್ಯಾಸಕ್ಕೆ ಹೇಳಿದ್ದಾರೆ. ಶರದ ಕಡ್ಡಿ ತೀರಾ ದಪ್ಪ ಇರಬಾರದು, ತೀರಾ ಸಪೂರ ಇರಬಾರದು, ಎಳತು ಇರಬಾರದು ಎಂದೂ ಉಂಟು. ಕೌಟಿಲ್ಯನ ಅರ್ಥಶಾಸ್ತ್ರ ಆಯುಧಾಗಾರದ ಲೆಕ್ಕ ಬರೆಯುವಾಗ ತಾಳೆ, ಬಿದಿರು, ಮರ, ಕೊಂಬುಗಳ ಬಿಲ್ಲುಗಳನ್ನೂ, ಬಿದಿರು ಮತ್ತು ಶರದ ಬಾಣಗಳನ್ನೂ ಹೆಸರಿಸುತ್ತದೆ. ಸರಿ, ಒಳ್ಳೆಯದೇ. ಆದರೆ ಈ ಕಡ್ಡಿಯನ್ನು ಕಾಡಿನಿಂದ ಕಡಿದು ತಂದು, ನೆರಳಿನಲ್ಲಿ ಒಣಗಿಸಿ, ಬೆಂಕಿಯ ಶಾಖ ತಾಗಿಸಿ ಡೊಂಕು ತೆಗೆದು, ಅಂಗೈಯಲ್ಲಿ ಒತ್ತಿ ನೋಡಿದವನಿಗೆ ಧರ್ಮಶಾಸ್ತ್ರ ಕೊಟ್ಟ ಜಾಗ ಯಾವುದು? ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧದ ಊಟಕ್ಕೆ ಯಾರನ್ನು ಕರೆಯಬಾರದು ಎಂಬ ಉದ್ದದ ಪಟ್ಟಿ ಉಂಟು. ಅದರ 160ನೆಯ ಶ್ಲೋಕದಲ್ಲಿ ಬಿಲ್ಲು ಮತ್ತು ಬಾಣ ಮಾಡುವವನು ಬರುತ್ತಾನೆ. ಬಾಣ ಬೇಕು, ಬಾಣ ಮಾಡಿದವನು ಎಲೆಯ ಮುಂದೆ ಕೂರಬಾರದು. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡದಲ್ಲಿ ಸುಟ್ಟದ್ದು ಈ ಪುಸ್ತಕವನ್ನೇ.

ಏಕಲವ್ಯನ ಕತೆಯನ್ನು ನಮ್ಮ ಪತ್ರಿಕೆಗಳಲ್ಲಿ ನೂರು ಸಲ ಬರೆದಾಗಿದೆ. ಕುವೆಂಪು 1947ರಲ್ಲೇ 'ಬೆರಳ್‌ಗೆ ಕೊರಳ್' ಬರೆದರು. ನಾವು ಹೊಸದೇನು ಹೇಳುವುದು ಅಂತ ನಾಟಕ ಕಲಿಸುವಾಗ ಯೋಚನೆ ಇತ್ತು. ಅಜ್ಜರ ಮಾತು ಕೇಳಿದ ಮೇಲೆ ಒಂದು ಹೊಳೆಯಿತು. ಹೆಬ್ಬೆರಳು ಕೊಟ್ಟ ಮೇಲೂ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಬರಲಿಲ್ಲ ಎಂದು ಮಹಾಭಾರತದಲ್ಲೇ ಉಂಟು. ಅವನು ಮೊದಲು ಹೆಬ್ಬೆರಳಿನಲ್ಲಿ ಎಳೆಯುತ್ತಿದ್ದ ಅಂತಾದರೆ, ಈಗ ಹಗ್ಗ ಬಿಡುವ ಬಗೆ ಬದಲಾಯಿತು, ಬಾಣ ಕೂರುವ ಪಕ್ಕ ಬದಲಾಯಿತು, ಬಳುಕಿನ ಲೆಕ್ಕ ಬದಲಾಯಿತು. ಬತ್ತಳಿಕೆಯಲ್ಲಿ ಅವನು ಒಂದೊಂದಾಗಿ ಆರಿಸಿ ಇಟ್ಟಿದ್ದ ಬಾಣಗಳೆಲ್ಲ ಒಂದೇ ದಿನದಲ್ಲಿ ಬೇರೆ ಯಾರದೋ ಬಾಣಗಳಾದವು. ದ್ರೋಣ ಕೇಳಿದ್ದು ಒಂದು ಬೆರಳು, ಹೋದದ್ದು ಇಡೀ ಬತ್ತಳಿಕೆ. ಕೋಚ್‌ಗಳಿಗೆ ಕೇಂದ್ರ ಸರಕಾರ 1985ರಿಂದ ಕೊಡುವ ಪ್ರಶಸ್ತಿ ದ್ರೋಣಾಚಾರ್ಯನ ಹೆಸರಿನದು. ನಮ್ಮ ಕರ್ನಾಟಕ ಸರಕಾರ ಆಟಗಾರರಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಇಬ್ಬರೂ ಒಂದೇ ಗೋಡೆಯ ಮೇಲೆ ನೇತಾಡಬಹುದು ಮಾರಾಯ್ರೆ, ಯಾರಿಗೂ ಮುಜುಗರವಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ತುಳುವಿನಲ್ಲಿ ಬಿಲ್ಲಿಗೆ ಬಿರು, ಬಾಣಕ್ಕೆ ಪಗರಿ. ಬಿಲ್ಲವರನ್ನು ತುಳುವಿನಲ್ಲಿ ಬಿರುವೆರ್ ಎನ್ನುವುದು, ಆ ಹೆಸರಿಗೆ ಬಿಲ್ಲಿನವರು ಎಂದು ಅರ್ಥ ಹೇಳುವುದು ಎಲ್ಲರಿಗೂ ಗೊತ್ತುಂಟು. ಶೇಂದಿ ತೆಗೆಯುವವರು ಎಂದು ಅವರನ್ನು ದೂರ ಇಟ್ಟ ಊರು, ಆ ಹೆಸರಿನೊಳಗೆ ಬಿಲ್ಲು ಇರುವುದನ್ನು ಮರೆತೇಬಿಟ್ಟಿತ್ತು. ಪಡುಮಲೆಯಲ್ಲಿ ಹುಟ್ಟಿದ ಕೋಟಿ ಚೆನ್ನಯರ ಕತೆ ಮುಗಿಯುವುದು ಎಣ್ಮೂರಿನಲ್ಲಿ. ಎರಡೂ ನಮ್ಮ ಸೀಮೆಯ ಊರುಗಳು. ಎದುರು ನಿಂತು ಸುರಿಯ ಬೀಸಿದ ಕೋಟಿ ಬಿದ್ದದ್ದು ಬಲ್ಲಾಳ ಮರೆಯಿಂದ ಬಿಟ್ಟ ಬಾಣಕ್ಕೆ ಎಂದು ಪಾಡ್ದನ ಕಟ್ಟಿದವರು ಹಾಡುತ್ತಾರೆ. ಬಿಲ್ಲಿನ ಹೆಸರು ಹೊತ್ತ ಕುಲದ ಮಗ, ಅರಸನ ಬಾಣಕ್ಕೆ. ಮುಗೇರರ ಮನೆಗಳಲ್ಲಿ ನಂಬುವ ಮುದ್ದ, ಕಳಲ, ತನ್ನಿಮಾನಿಗರ ಕತೆಯೂ ಬೇಟೆಯ ಕತೆಯೇ. ಅಲ್ಲಿ ತಂಗಿ ತನ್ನಿಮಾನಿಗ ಅಣ್ಣಂದಿರಿಗೆ ಗಂಜಿ ಬೇಯಿಸುತ್ತಾ ಒಳಗೆ ಕೂತವಳಲ್ಲ. ದೊಡ್ಡ ಪಾಠಪುಸ್ತಕಗಳಲ್ಲಿ ಈ ಹುಡುಗಿಯ ಹೆಸರು ಹುಡುಕಬೇಡಿ.

ಕುಮಾರಧಾರೆಯ ಮೇಲುಗಡೆ, ಈಗ ನಮ್ಮದೇ ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ತೇರು ಕಟ್ಟುವವರು ಮಲೆಕುಡಿಯರು. ಹಗ್ಗ ಹಾಕುವುದಿಲ್ಲ, ಬೆತ್ತ ಮತ್ತು ಬಿದಿರಿನಲ್ಲೇ ಕಟ್ಟುತ್ತಾರೆ. ಯಾವ ಬೆತ್ತ ಎಷ್ಟು ಬಗ್ಗೀತು, ಯಾವುದು ಎಲ್ಲಿ ಮುರಿದೀತು ಎಂದು ತಿಳಿಯದವರು ಅಷ್ಟೆತ್ತರದ ತೇರು ಕಟ್ಟಲು ಸಾಧ್ಯವೇ? ಅದೇ ಅಂಗೈ, ಅದೇ ತಿಳಿವಳಿಕೆ. ತೇರಿಗೆ ಬೇಕಾದಾಗ ಅದನ್ನು ಭಕ್ತಿ ಎಂದರು. ಬಾಣದಲ್ಲಿ ಕಂಡಾಗ ಅದನ್ನು ಅಪರಾಧ ಎಂದರು.

ಅಪರಾಧ ಆದದ್ದು ಹೇಗೆ ಎಂದು ವರ್ಷ ಹಿಡಿದು ಹೇಳಬಹುದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಹೋಯಿತು. ನಮ್ಮಿಂದ ದಕ್ಷಿಣಕ್ಕೆ ಘಟ್ಟದ ಸಾಲಿನಲ್ಲೇ ಇರುವ ವಯನಾಡಿನಲ್ಲಿ, ಪಳಶ್ಶಿ ರಾಜನ ಪರ ನಿಂತ ಕುರಿಚ್ಯರು 1802ರ ಅಕ್ಟೋಬರ್ 11ರಂದು ಪನಮರಂ ಕೋಟೆಯ ಮೇಲೆ ಬಿದ್ದರು. ತಲಕ್ಕಲ್ ಚಂದು, ಎಡಚ್ಚೇನ ಕುಂಗನ್ ಮುಂದಾಳುಗಳು, ಹಿಂದೆ ಸುಮಾರು 150 ಬಿಲ್ಲುಗಾರರು. ಕ್ಯಾಪ್ಟನ್ ಡಿಕಿನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಮತ್ತು ಅವರ ಕೈಕೆಳಗಿನ ಪಡೆ ಅಲ್ಲೇ ಮುಗಿಯಿತು. ಕೋವಿ ಇದ್ದ ಕಂಪೆನಿಗೆ ಬಿದಿರಿನ ಬಾಣ ಏನು ಮಾಡಬಲ್ಲದು ಎಂಬುದು ಆ ದಿನ ಗೊತ್ತಾಯಿತು. ಚಂದು 1805ರಲ್ಲಿ ಸೆರೆಸಿಕ್ಕ. 1812ರಲ್ಲಿ ಕುರಿಚ್ಯರು ಮತ್ತೆ ಎದ್ದರು.

1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಆ ಕತೆ ಲಾವಣಿಯಲ್ಲಿ ಉಳಿದಿದೆ, ಅದರಿಂದಾಗಿ ನಮಗೆ ಗೊತ್ತು.

ಈಗ ಘಟ್ಟದ ಮೇಲೆ ನೋಡಿ. ಕೊಡಗಿನವರು ನಿಷ್ಠೆ ತೋರಿದರೆಂದು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಆ ಕಾಯಿದೆಯಿಂದ ಅವರಿಗೆ ವಿನಾಯಿತಿ ಕೊಟ್ಟ. ಕೊಡವ ಕುಲಕ್ಕೆ ಸೇರಿದವರು ಮತ್ತು ಜಮ್ಮಾ ಭೂಮಿ ಇದ್ದವರು ಎಂಬ ಲೆಕ್ಕದಲ್ಲಿ ಅದು ಬೆಳೆದು ಬಂತು, 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಯಿತು. ಅದೇ ಕಾಡಿನ ಯರವರು, ಜೇನುಕುರುಬರು ಆ ಸಾಲಿನಲ್ಲಿ ಇರಲಿಲ್ಲ. ಘಟ್ಟದ ಕೆಳಗಿನ ಅಮರ-ಸುಳ್ಯ, ಪುತ್ತೂರು, ಬೆಳ್ಳಾರೆ ಸೀಮೆಗಳು 1834ರವರೆಗೆ ಕೊಡಗಿನ ಅರಸರ ಕೆಳಗೇ ಇದ್ದವು. ಕಂಪೆನಿ ಅವನ್ನು ಕೆನರಾಕ್ಕೆ ಸೇರಿಸಿತು. 1837ರಲ್ಲಿ ಇಲ್ಲಿನ ರೈತರು ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ದಾಟಿ ಮಂಗಳೂರಿನವರೆಗೆ ದಂಡೆತ್ತಿ ಹೋದರು. ಇಲ್ಲಿನವರಿಗೆ ನಿಷ್ಠೆಯ ಸರ್ಟಿಫಿಕೇಟು ಯಾರು ಕೊಟ್ಟಾರು? ಕೊಡವರ ಮೇಲೆ ನಮಗೆ ಸಿಟ್ಟಿಲ್ಲ. ಕುಲ ನೋಡಿ, ಜಮೀನು ನೋಡಿ ಆಯುಧದ ಹಕ್ಕು ಹಂಚಿದ ಸರಕಾರದ ಬುದ್ಧಿಯ ಮೇಲೆ ಸಿಟ್ಟು.

1878ರ ಶಸ್ತ್ರಾಸ್ತ್ರ ಕಾಯಿದೆಯನ್ನು ತೆಗೆದು ಓದಿ. ಆಯುಧ ಎಂದರೆ ಏನೇನು ಎಂದು ಹೇಳುವ ಸಾಲಿನಲ್ಲಿ ಬಂದೂಕು, ಬಯೊನೆಟ್, ಕತ್ತಿ, ಈಟಿಗಳ ಜೊತೆ ಬಿಲ್ಲು ಮತ್ತು ಬಾಣವನ್ನೂ ಬರೆದಿದ್ದಾರೆ. ಯಾವ ಊರಿಗೆ, ಯಾವ ಜನಕ್ಕೆ ಬಿಡಬೇಕು ಎಂಬ ಅಧಿಕಾರ ಸರಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಓಟೆ ಕಡ್ಡಿಗೆ ಮೊನೆ ಕಟ್ಟಿದವನ ಬದುಕು ಸಾಹೇಬನ ವಿನಾಯಿತಿಗೆ ನೇತುಬಿತ್ತು. ನಾಲ್ಕು ವರ್ಷಕ್ಕೆ, 1882ರಲ್ಲಿ, ಮದ್ರಾಸ್ ಅರಣ್ಯ ಕಾಯಿದೆ. ಮೀಸಲು ಅರಣ್ಯದೊಳಗೆ ನಿಯಮ ಮೀರಿ ಬೇಟೆಯಾಡುವಂತಿಲ್ಲ, ಮೀನು ಹಿಡಿಯುವಂತಿಲ್ಲ, ಉರುಲು ಇಡುವಂತಿಲ್ಲ. ಬಿದಿರು, ಬೆತ್ತ ಕಡಿಯಲಿಕ್ಕೂ ಅಪ್ಪಣೆ ಬೇಕು. ಹಾಗೆ ಆಯುಧವೂ ಕಾಯಿದೆಯೊಳಗೆ, ಅದರ ಕಚ್ಚಾವಸ್ತುವೂ ಕಾಯಿದೆಯೊಳಗೆ. 1959ರ ಹೊಸ ಶಸ್ತ್ರ ಕಾಯಿದೆಯ ವ್ಯಾಖ್ಯೆಯಲ್ಲಿ ಬಿಲ್ಲುಬಾಣದ ಹೆಸರು ಬಿಟ್ಟುಹೋಯಿತು. 1972ರ ವನ್ಯಜೀವಿ ಕಾಯಿದೆಯ ಆಯುಧಗಳ ಸಾಲಿಗೆ ಮತ್ತೆ ಬಂತು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರು, ಬೆತ್ತವನ್ನು ಕಿರು ಉತ್ಪನ್ನವೆಂದು ಕಾಡಿನವರಿಗೆ ಬಿಟ್ಟುಕೊಟ್ಟಿತು, ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಬೇಟೆ ಮತ್ತೆ ಬರಲಿ ಎಂದು ನಾವು ಹೇಳುವುದಿಲ್ಲ. ಕಾಡಿನಲ್ಲಿ ಉಳಿದಿರುವ ಮಿಕ ನಮಗೂ ಬೇಕು. ಆದರೆ ಕಾಡು ಬೋಳಾದದ್ದು ಓಟೆ ಬಾಣದಿಂದ ಅಲ್ಲ ಎಂಬುದೂ ಗೊತ್ತಿರಲಿ. ಹಡಗಿಗೆ, ರೈಲಿಗೆ ಮರ ಹೋದ ಲೆಕ್ಕ ಅದೇ ಇಲಾಖೆಯ ಕಡತಗಳಲ್ಲಿ ಉಂಟು.

ಇಂಗ್ಲೆಂಡಿನಲ್ಲಿ ಏನು ಮಾಡಿದ್ದರು ಗೊತ್ತುಂಟಾ? 1363ರಲ್ಲಿ ಅಲ್ಲಿನ ಮೂರನೆಯ ಎಡ್ವರ್ಡ್ ದೊರೆ, ರಜಾದಿನಗಳಲ್ಲಿ ಗಂಡಸರು ಬಿಲ್ಲು ಅಭ್ಯಾಸ ಮಾಡಲೇಬೇಕು ಎಂದು ಅಪ್ಪಣೆ ಹೊರಡಿಸಿದ. ತಮ್ಮ ರೈತರಿಗೆ ಬಿಲ್ಲು ಕಡ್ಡಾಯ, ನಮ್ಮವರಿಗೆ ಲೈಸೆನ್ಸು. 1545ರಲ್ಲಿ ಮುಳುಗಿದ ಅವರ ಮೇರಿ ರೋಸ್ ಹಡಗನ್ನು 1982ರಲ್ಲಿ ಎತ್ತಿದರು. ಅದರಲ್ಲಿ ಸಿಕ್ಕಿದ ಸಾವಿರಾರು ಬಾಣಗಳನ್ನು ಪಂಡಿತರು ಒಂದೊಂದಾಗಿ ಅಳೆದರು, ಮರ ಯಾವುದು ಅಂತ ನೋಡಿದರು. ಅವರ ಬಾಣವನ್ನು ಸಮುದ್ರವೂ ಕಾಪಾಡಿತು. ನಮ್ಮದನ್ನು ಗೆದ್ದಲು ತಿಂದಿತು, ಇಲ್ಲವೇ ಫಾರೆಸ್ಟಿನವರು ಬರುತ್ತಾರೆಂದು ಹೆದರಿ ನಾವೇ ಒಲೆಗೆ ಹಾಕಿದೆವು. ಕಚೇರಿಯ ಕಡತ ಬಿಚ್ಚಿದರೆ ಕಾಯಿದೆ ಸಿಗುತ್ತದೆ, ಬಾಣ ಸಿಗುವುದಿಲ್ಲ.

ಅಜ್ಜರನ್ನು ಕೇಳಿದೆವು, ಇದನ್ನು ಎಲ್ಲಿ ಕಲಿತಿರಿ ಅಂತ. ಅವರು ಮೊದಲು ರಸ್ತೆಯ ಕಡೆ ನೋಡಿದರು. ಆಮೇಲೆ ನಮ್ಮ ಕೈಯಲ್ಲಿದ್ದ ಪುಸ್ತಕ, ಪೆನ್ನು ನೋಡಿದರು. "ಇದನ್ನೆಲ್ಲ ಪೇಪರಿಗೆ ಹಾಕ್ತೀರಾ?" ಅಂದರು. ನಾವು ಹೆಸರು ಹಾಕುವುದಿಲ್ಲ ಅಂದೆವು. "ಯಾರೂ ಕಲಿಸಲಿಲ್ಲ, ಚಿಕ್ಕಂದಿನಲ್ಲಿ ಆಟಕ್ಕೆ ಮಾಡ್ತಿದ್ದೆವು" ಅಂತ ಹೇಳಿ ಬಾಯಿ ಮುಚ್ಚಿದರು. ಎಂಬತ್ತು ದಾಟಿದ ಮನುಷ್ಯ. ಆಟದ ಸಾಮಾನು ಮಾಡಿದ ಕೈಯಲ್ಲ ಅದು ಎಂದು ನಮಗೂ ಗೊತ್ತು, ನಮಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತು. ಮತ್ತೆ ಒತ್ತಾಯಿಸಲಿಲ್ಲ.

ಬಾಯಿ ಮುಚ್ಚಿದರೂ ಕೈ ಸುಮ್ಮನೆ ಕೂರಲಿಲ್ಲ. ಒಡೆದ ಬಾಟಲಿಯ ಚೂರು ತರಿಸಿ ನಮ್ಮ ಬಾಣಗಳನ್ನು ಕೆರೆಯಲು ಕೂತರು. ಸ್ವಲ್ಪ ಕೆರೆಯುವುದು, ನೆಲಕ್ಕೆ ಊರಿ ಒತ್ತುವುದು, ತಿರುಗಿಸಿ ಇನ್ನೊಂದು ಮಗ್ಗುಲಿಗೆ ಒತ್ತುವುದು, ಮತ್ತೆ ಕೆರೆಯುವುದು. ನಡುನಡುವೆ ನಮ್ಮ ಬಿಲ್ಲಿನ ಹಗ್ಗವನ್ನು ಒಮ್ಮೆ ಎಳೆದು ಬಿಡುವುದು. ಸಂಜೆಯಾಯಿತು. ಐದರಲ್ಲಿ ಒಂದನ್ನು ಮುಟ್ಟಲೇ ಇಲ್ಲ, ಒಮ್ಮೆ ನೋಡಿ ಸೌದೆಯ ಕಡೆ ಬಿಸಾಡಿದರು.

ಮಾರನೆಯ ದಿನ ನಾವು ಮೇಜು ಇಟ್ಟು, ನೀರಿನ ಬಾಟಲಿ ತೂಗುಹಾಕಿ ಅಳೆದೆವು. ಬಿಲ್ಲಿನ ಎಳೆತ 14 ಕಿಲೋ, ಅಂದರೆ ಸುಮಾರು 31 ಪೌಂಡು. ಹಿಂದಿನ ದಿನ ನಾವು ಕೆತ್ತಿದ್ದ ಹಾಗೇ ಉಳಿದ, ಅವರು ಬಿಸಾಡಿದ ಬಾಣ 12 ಮಿಲಿಮೀಟರ್ ಜಗ್ಗಿತು: 55 ಪೌಂಡಿನ ಬಿಲ್ಲಿಗೆ ಸಲ್ಲುವಂಥದು. ಅಜ್ಜರು ಕೆರೆದ ನಾಲ್ಕು 21ರಿಂದ 23 ಮಿಲಿಮೀಟರಿನ ಒಳಗೆ ಬಂದವು. ಬಿಸಾಡಿದ್ದನ್ನು ಬೆಳಕಿಗೆ ಹಿಡಿದು ನೋಡಿದರೆ ಮಧ್ಯದಲ್ಲಿ ನಾರು ಓರೆಯಾಗಿ ಹೊರಗೆ ಬಂದಿತ್ತು. ನಾಟಕದಲ್ಲಿ ಏಕಲವ್ಯನ ವೇಷದ ಹುಡುಗ ಬಿಟ್ಟದ್ದು ಆ ನಾಲ್ಕನ್ನು. ಅಜ್ಜರು ನಾಟಕಕ್ಕೆ ಬಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಬೆರಳು ಕೇಳುವ ದೃಶ್ಯ ಬರುವ ಮೊದಲೇ ಎದ್ದು ಹೋದರು.